ಜಾಗ ಹಿಡಿಯಲು ಕಳಿಸಿದ್ದೆ

ಕಾಯಿಲೆಯಿಂದ ಎದ್ದವರು ಬರೆದದ್ದನ್ನು ನಾನು ಬಹಳ ಓದಿದ್ದೇನೆ. ಕೈಯಲ್ಲಿ ಫೋನು ಹಿಡಿಯುವ ಶಕ್ತಿ ಇಲ್ಲದಾಗ ಮಗಳು ಮುಖದ ಮುಂದೆ ಹಿಡಿದು ಓದಿಸುತ್ತಿದ್ದಳು. ಒಬ್ಬರು ಧೈರ್ಯದಿಂದ ಗೆದ್ದೆ ಎನ್ನುತ್ತಾರೆ, ಇನ್ನೊಬ್ಬರು ದೇವರು ಕೈ ಹಿಡಿದ ಎನ್ನುತ್ತಾರೆ. ಎಲ್ಲರೂ ಬಲು ಒಳ್ಳೆಯವರು. ಹೊಟ್ಟೆಕಿಚ್ಚುಪಟ್ಟೆ ಎಂದು ಬರೆದವರು ಒಬ್ಬರೂ ಸಿಗಲಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ. ಎದ್ದು ಓಡಾಡುವವರನ್ನು ಮಲಗಿದಲ್ಲಿಂದ ನೋಡಿ ಹೊಟ್ಟೆ ಉರಿಸಿಕೊಳ್ಳುವವರು ಯಾರಾದರೂ ಇದ್ದರೆ, ನಿಮ್ಮ ಜೊತೆಗೆ ನಾನಿದ್ದೇನೆ.

ನಾವು ಧಾರವಾಡದ ಕಡೆಯವರು. ನಮ್ಮ ಯಜಮಾನರಿಗೆ ಆರ್ಡನನ್ಸ್ ಫ್ಯಾಕ್ಟರಿಯಲ್ಲಿ ಕೆಲಸ. ವರ್ಗವಾಗಿ ನಾಗಪುರಕ್ಕೆ ಬಂದು ಮನೀಶ್ ನಗರದಲ್ಲಿ ಮನೆ ಮಾಡಿದೆವು. ಮಗಳು ಅನಘಾ ಇಲ್ಲೇ ಬೆಳೆದವಳು, ಕನ್ನಡದಲ್ಲಿ ಶುರುಮಾಡಿದ ಮಾತನ್ನು ಮರಾಠಿಯಲ್ಲಿ ಮುಗಿಸುತ್ತಾಳೆ. ಈ ಊರಿನಲ್ಲಿ ನನಗೆ ಸಿಕ್ಕ ಮೊದಲ ಗೆಳತಿ ಪಕ್ಕದ ಮನೆಯ ವಸುಧಾತಾಯಿ. ಅವರ ಬೆನ್ನು ಹಿಡಿದು ಹೋದಾಗ ಸಿಕ್ಕದ್ದು ಮಹಾಲ್‌ನ ಬೈಠಕ್.

ಮಹಾಲ್‌ನ ಸಂದಿಯೊಂದರಲ್ಲಿ ಹಳೆಯ ವಾಡೆ ಇದೆ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಅದರ ಮಾಳಿಗೆಯ ಮೇಲೆ ಹಾಡು. ಮೈಕಿಲ್ಲ, ಟಿಕೀಟಿಲ್ಲ, ಕುರ್ಚಿಯೂ ಇಲ್ಲ. ಜಮಖಾನೆಯ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರಬೇಕು. ಹಾಡುವವರು ಎಷ್ಟು ಹತ್ತಿರವೆಂದರೆ ಅವರು ಉಸಿರು ಎಳೆದುಕೊಳ್ಳುವುದೂ ಕೇಳಿಸುತ್ತದೆ. ಜಾಗ ಸಣ್ಣದು, ಬರಬೇಕೆನ್ನುವವರು ಬಹಳ. ಹಾಗಾಗಿ ವಾಡೆಯ ಯಜಮಾನರಾದ ಆಜೋಬಾ ಒಂದು ಕಟ್ಟುಪಾಡು ಮಾಡಿದ್ದರು. ಒಬ್ಬೊಬ್ಬರಿಗೆ ಒಂದೊಂದು ಜಾಗ ಗೊತ್ತು. ಸಾಲಾಗಿ ಮೂರು ಬೈಠಕ್ ತಪ್ಪಿಸಿದರೆ ಆ ಜಾಗ ಕಾಯುತ್ತಿರುವವರಿಗೆ ಹೋಯಿತು. ಹಾಡುವವರ ಮುಂದೆ ಖಾಲಿ ಜಾಗ ಇರಬಾರದು, ಅದು ಅವರಿಗೆ ಮಾಡಿದ ಅವಮಾನ ಎಂಬುದು ಆಜೋಬಾ ಅವರ ಮತ. ನನ್ನ ಜಾಗ ಎರಡನೆಯ ಸಾಲಿನಲ್ಲಿ, ಕಂಬದ ಪಕ್ಕ. ಬಲಕ್ಕೆ ವಸುಧಾತಾಯಿ.

ನಮ್ಮವರು ನನ್ನನ್ನು ಸ್ಕೂಟರಿನಲ್ಲಿ ಬಿಟ್ಟು, ಸಂದಿಯ ತುದಿಯಲ್ಲಿ ತರ್ರಿ ಪೋಹಾ ಎನ್ನುವ ಖಾರದ ಎಸರಿನ ಅವಲಕ್ಕಿ ತಿಂದು, ಪೇಪರು ಓದುತ್ತ ಕಾಯುತ್ತಿದ್ದರು. ಒಳಗೆ ಬರ್ರಿ ಎಂದರೆ "ಆ ಖಾರದ ಎಸರು ಬಿಟ್ಟು ನಿನ್ನ ಆ ಆ ಕೇಳಲೇನು?" ಎನ್ನುತ್ತಿದ್ದರು. ಅವರ ಕಿವಿಗೆ ಕೇಳುತ್ತಿದ್ದ ಒಂದೇ ಸಂಗೀತವೆಂದರೆ ಕುಕ್ಕರಿನದು. ಎಷ್ಟು ಸೀಟಿ ಆಯಿತೆಂದು ಮಾತ್ರ ತಪ್ಪದೆ ಹೇಳುತ್ತಿದ್ದರು.

ಒಂದು ಭಾನುವಾರ ಹಾಡು ಮುಗಿದ ಮೇಲೆ ಕೆಳಗಿಳಿದು ಸಂದಿಯಲ್ಲಿ ನಡೆದು ಬಂದು ಸ್ಕೂಟರು ಹತ್ತಿದೆ. ಹಿಂದಿನಿಂದ ಬಳೆ ಅಂಗಡಿಯವನು ಕೂಗಿದ, "ತಾಯಿ, ಚಪ್ಪಲ್!" ನೋಡಿದರೆ ಎಡಗಾಲಿನ ಚಪ್ಪಲಿ ದಾರಿಯಲ್ಲೇ ಬಿದ್ದಿತ್ತು. ಕಾಲಿಗೆ ಗೊತ್ತೇ ಆಗಿರಲಿಲ್ಲ. ಹಾಡಿನ ಗುಂಗಿನಲ್ಲಿ ಚಪ್ಪಲಿ ಮರೆತಳೆಂದು ನಮ್ಮವರು ನಕ್ಕರು, ನಾನೂ ನಕ್ಕೆ. ಅದಕ್ಕೆ ಸ್ವಲ್ಪ ದಿನ ಮೊದಲು ಹೊಟ್ಟೆ ಕೆಟ್ಟು ಎದ್ದಿದ್ದೆ, ನಿಶ್ಶಕ್ತಿ ಇರಬೇಕು ಎಂದುಕೊಂಡೆ. ಆ ವಾರ ಮುಗಿಯುವುದರೊಳಗೆ ಚಹಾದ ಕಪ್ಪು ಕೈಯಿಂದ ಜಾರಿತು, ಬಚ್ಚಲಿನಿಂದ ಏಳಲು ಆಗಲಿಲ್ಲ. ಅನಘಾ ಮತ್ತು ವಸುಧಾತಾಯಿ ಎರಡು ಬದಿ ಹಿಡಿದು ಎತ್ತಿದರು.

ನರರೋಗದ ಡಾಕ್ಟರರ ಬಾಗಿಲ ಹೊರಗೆ ಬೆಂಚಿನ ತುಂಬ ಜನ. ನನ್ನನ್ನು ಗಾಲಿಕುರ್ಚಿಯಲ್ಲಿ ಕೂರಿಸಿದ್ದರು. ಎದುರಿಗಿದ್ದ ಹೆಂಗಸು ಕಾಲ ಮೇಲೆ ಕಾಲು ಹಾಕಿ ಪಾದ ಅಲ್ಲಾಡಿಸುತ್ತಿದ್ದಳು. ಅವಳ ಪಾದದಿಂದ ನನಗೆ ಕಣ್ಣು ಕೀಳಲಾಗಲಿಲ್ಲ. ನಿನ್ನೆ ಮೊನ್ನೆಯವರೆಗೆ ನನಗೂ ಬರುತ್ತಿದ್ದ ವಿದ್ಯೆ ಅದು. ಹೊಟ್ಟೆಕಿಚ್ಚಿನ ಮೊದಲ ಕಿಡಿ ಬಿದ್ದದ್ದು ಅಲ್ಲೇ.

ಡಾಕ್ಟರು ಸಣ್ಣ ಸುತ್ತಿಗೆಯಿಂದ ಮೊಣಕಾಲಿಗೆ ತಟ್ಟಿದರು. ಕಾಲು ಮಿಸುಕಲಿಲ್ಲ. ಇನ್ನೊಂದಕ್ಕೆ ತಟ್ಟಿದರು. ಅದೂ ಇಲ್ಲ. ಜಿಬಿಎಸ್ ಎಂದರು, ಮೈಯೇ ತನ್ನ ನರಗಳ ಮೇಲೆ ತಿರುಗಿಬೀಳುವ ಕಾಯಿಲೆಯಂತೆ. ಬಹಳ ಜನ ಎದ್ದು ನಡೆಯುತ್ತಾರೆ, ಆದರೆ ಸಮಯ ಹಿಡಿಯುತ್ತದೆ ಎಂದರು. ಎಷ್ಟು ಸಮಯ ಎಂದು ಕೇಳಿದವಳು ನಾನು. ಅವರು ಉತ್ತರ ಹೇಳಿದ್ದು ನಮ್ಮವರ ಮುಖ ನೋಡಿ. ತಿಂಗಳುಗಳು ಆಗಬಹುದು, ವರ್ಷವೂ ಆಗಬಹುದಂತೆ. ನಮ್ಮವರು "ಬರೋಬರ್, ಬರೋಬರ್" ಎಂದು ತಲೆ ಅಲ್ಲಾಡಿಸುತ್ತಲೇ ಇದ್ದರು. ಹೊರಗೆ ಬಂದು ಔಷಧದ ಅಂಗಡಿ ಯಾವ ಕಡೆ ಎಂದು ಕಾವಲುಗಾರನನ್ನು ಕೇಳಿದರು, ಅವನು ಬಲಕ್ಕೆ ಕೈ ತೋರಿಸಿದರೆ ಎಡಕ್ಕೆ ಹೊರಟರು.

ಐಸಿಯುನಲ್ಲಿ ನನ್ನ ಉಸಿರಿನ ಮೇಲೆ ಕಣ್ಣಿಟ್ಟಿದ್ದರು. ಆಗಾಗ ಒಬ್ಬ ಚಿಕ್ಕ ಡಾಕ್ಟರಮ್ಮ ಬಂದು, ಒಂದೇ ಉಸಿರಿನಲ್ಲಿ ಆದಷ್ಟು ಎಣಿಸಿ ಎನ್ನುತ್ತಿದ್ದಳು. ಅಂಥ ಹೊತ್ತಿನಲ್ಲಿ ಹಿಂದಿ ಎಲ್ಲಿಂದ ಬರಬೇಕು? ಒಂದು, ಎರಡು ಎಂದು ಕನ್ನಡದಲ್ಲೇ ಎಣಿಸಿದೆ. ಅವಳಿಗೆ ಎಲ್ಲಿ ನಿಂತೆನೆಂದು ತಿಳಿಯದು. ಕೊನೆಗೆ ನಮ್ಮವರನ್ನೇ ಒಳಗೆ ಕರೆದು ನಿಲ್ಲಿಸಿದರು. ನಾನು ಎಣಿಸಿ ಮುಗಿಸಿದ ಮೇಲೆ ಅವರು ಹಿಂದಿಯಲ್ಲಿ ಹೇಳಬೇಕು. ಪ್ರತಿ ಸಲ ಹಿಂದಿನ ಸಲಕ್ಕಿಂತ ಕಡಿಮೆ. ಒಮ್ಮೆ ಅವರು ಒಂದೆರಡು ಹೆಚ್ಚಿಗೆ ಹೇಳಿದ್ದು ನನಗೆ ಕೇಳಿಸಿತು.

"ಸುಳ್ಳ ಯಾಕ ಹೇಳ್ತೀರಿ?" ಎಂದೆ.

"ಇನ್ನೂ ಕಡಿಮಿ ಆದ್ರ ಗಂಟಲಾಗ ನಳಿಗಿ ಹಾಕ್ತಾರಂತ," ಎಂದರು. ಅವರ ಕಣ್ಣಿನಲ್ಲಿ ನೀರಿತ್ತು. ಆಮೇಲೆ ತಾವೇ ಡಾಕ್ಟರಮ್ಮನ ಹಿಂದೆ ಓಡಿಹೋಗಿ ಸರಿಯಾದ ಲೆಕ್ಕ ಹೇಳಿ ಬಂದರು.

ನಳಿಕೆ ಹಾಕಬೇಕಾಗಲಿಲ್ಲ. ದಿನವೂ ನರಕ್ಕೆ ಹನಿಹನಿಯಾಗಿ ಔಷಧ ಹೋಯಿತು, ಉಸಿರು ಇಳಿಯುವುದು ನಿಂತಿತು. ಆದರೆ ಕುತ್ತಿಗೆಯ ಕೆಳಗೆ ನಾನು ತುಂಬಿದ ಗೋಣಿಚೀಲ. ಮೂಗು ತುರಿಸಿದರೆ ಇನ್ನೊಬ್ಬರು ಬರಬೇಕು. ಅಲ್ಲಿನ ಆಯಾ ಒಬ್ಬಳು ಬೆಳಿಗ್ಗೆ ಬಂದು ತಲೆ ಬಾಚಿ, ಎರಡು ಜಡೆ ಹೆಣೆದು, "ಆತಾ ಶಾಳೇತ್ ಜಾ," ಈಗ ಶಾಲೆಗೆ ಹೋಗು ಎನ್ನುತ್ತಿದ್ದಳು. ದಿನಕ್ಕೊಮ್ಮೆ ನಗುತ್ತಿದ್ದೆನೆಂದರೆ ಅವಳಿಂದ. ಉಳಿದಂತೆ ಹೊಟ್ಟೆಕಿಚ್ಚೇ ಹೊಟ್ಟೆಕಿಚ್ಚು. ಪಕ್ಕದ ಹಾಸಿಗೆಯ ಮುದುಕಿ ತಾನೇ ಮಗ್ಗಲು ಬದಲಿಸುತ್ತಿದ್ದಳು, ಅವಳ ಮೇಲೆ. ಗ್ಲಾಸು ಎತ್ತಿ ನೀರು ಕುಡಿಯುವ ಅವಳ ಮಗನ ಮೇಲೆ. ಗೋಡೆಯ ಮೇಲೆ ಓಡಾಡುವ ಹಲ್ಲಿಯ ಮೇಲೂ.

ಅನಘಾ ಕಿವಿಗೆ ಇಯರ್‌ಫೋನ್ ಇಟ್ಟು ನನಗೆ ಇಷ್ಟವಾದ ಹಾಡು ಹಾಕಿದಳು. ತೆಗೆ ಎಂದೆ. ಅವಳಿಗೆ ಬೇಸರವಾಯಿತು. ಏನು ಹೇಳಲಿ? ಬೈಠಕ್‌ನಲ್ಲಿ ಹಾಡುವವರು ಒಂದು ಸ್ವರಕ್ಕೆ ಬಂದು ನಿಂತಾಗ ನನ್ನ ಕೈ ತಾನಾಗಿ ಮೇಲೇಳುತ್ತಿತ್ತು, ಪಕ್ಕದ ವಸುಧಾತಾಯಿಯದೂ ಏಳುತ್ತಿತ್ತು, ಅದನ್ನು ನೋಡಿ ಹಾಡುವವರು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಿದ್ದರು. ಕೈ ಏಳದ ಮೇಲೆ ಆ ಹಾಡು ಯಾವನದೋ ಮನೆಯ ಮದುವೆ ವಾದ್ಯ.

ಮನೆಗೆ ಬಂದಾಗ ಎರಡು ಬೈಠಕ್ ತಪ್ಪಿಹೋಗಿದ್ದವು. ಮೂರನೆಯದು ಬಂತು. ವಸುಧಾತಾಯಿ ಬಂದು ಹಾಸಿಗೆಯ ಪಕ್ಕ ಕೂತು ಮರಾಠಿಯಲ್ಲಿ ಮೆಲ್ಲಗೆ ವಿಷಯ ತೆಗೆದರು. ಆಜೋಬಾ ಒಳ್ಳೆಯವರೇ, ಆದರೆ ಕಟ್ಟುಪಾಡು ಕಟ್ಟುಪಾಡೇ. ಹೆಂಡತಿ ಸತ್ತ ತಿಂಗಳು ತಾವೇ ಬಂದು ತಮ್ಮ ಜಾಗದಲ್ಲಿ ಕೂತಿದ್ದರಂತೆ. ನನ್ನ ಮನೆಯವರಲ್ಲಿ ಯಾರಾದರೂ ಬಂದು ಕೂತರೆ ಜಾಗ ಉಳಿಯುತ್ತದೆ.

ಅನಘಾಳಿಗೆ ಪರೀಕ್ಷೆ. ಉಳಿದವರು ಒಬ್ಬರೇ. ಬಸ್ಸಿನ ಕಿಟಕಿಯಿಂದ ಟವೆಲ್ಲು ಹಾಕಿ ಸೀಟು ಹಿಡಿಯುವುದಿಲ್ಲವೇ, ಹಾಗೆ ನಮ್ಮವರನ್ನು ಹಾಕಿ ಜಾಗ ಹಿಡಿದೆ.

ಮೊದಲ ಸಲ ಹೋಗಿ ಬಂದಾಗ ಕೇಳಿದೆ, "ಏನ್ ಹಾಡಿದ್ರು?"

"ಹಾಡಿದ್ರು. ಛಲೋ ಹಾಡಿದ್ರು. ನಡುವ ಚಹಾ ಕೊಟ್ರು. ಕಾಲ ಜೋಮ ಹಿಡೀತು."

ಕಾಯಿಲೆ ಬಿದ್ದ ಮೇಲೆ ಅಷ್ಟು ಸಮಾಧಾನವಾಗಿ ನಾನು ನಿದ್ದೆ ಮಾಡಿರಲಿಲ್ಲ.

ಮುಂದಿನ ತಿಂಗಳು ಹೋಗಿ ಬಂದವರು ನಾನು ಕೇಳುವ ಮೊದಲೇ ಶುರುಮಾಡಿದರು. "ಅಲ್ಲ, ಆ ಹಾಡೋ ಆಕಿ ಮ್ಯಾಲ ಹೋಗಿ ನಿಂತ್ಳು ನೋಡು. ನಿಂತ್ಳು ಅಂದ್ರ ನಿಂತಬಿಟ್ಳು. ಇಳೀವಲ್ಳು. ನನಗ ಉಸಿರು ಹಿಡಿಧಂಗಾತು. ಆಮ್ಯಾಲೆ ಸಾವಕಾಶ ಕೆಳಗ ಬಂದ್ಳು ನೋಡು..." ಹೇಳುತ್ತ ಅವರ ಕೈ ಮೇಲೆದ್ದು ಗಾಳಿಯಲ್ಲಿ ಮೆಲ್ಲಗೆ ಇಳಿಯಿತು. ಬರೋಬರ್ ಇಳಿಯಿತು. ನಾನು ಗೋಡೆಯ ಕಡೆ ಮುಖ ತಿರುಗಿಸಿದೆ. ಅಷ್ಟು ಹೊತ್ತಿಗೆ ಮುಖ ತಿರುಗಿಸಲು ಬರುತ್ತಿತ್ತು.

ಆಮೇಲೆ ಗಡ್ಡ ಮಾಡಿಕೊಳ್ಳುವಾಗ ಗುನುಗು ಶುರುವಾಯಿತು. ಹೊಸ ಜುಬ್ಬಾ ಬಂತು, ತಿಳಿ ಹಳದಿಯದು. ಬಣ್ಣ ಆರಿಸಿದವರು ವಸುಧಾತಾಯಿ. ಅವರು ನನಗೆ ಸಂತೋಷವಾಗಲೆಂದು ಫೋನಿನಲ್ಲಿ ಹೇಳಿದರು, ಭಾವುಜಿ, ಅಂದರೆ ನಮ್ಮವರು, ಈಗ ಎಷ್ಟು ಸರಿಯಾದ ಜಾಗದಲ್ಲಿ ವಾಹ್ ಅನ್ನುತ್ತಾರೆಂದರೆ, ಹಾಡುವವರು ಅವರ ಕಡೆಗೇ ನೋಡಿ ಹಾಡುತ್ತಾರಂತೆ. ಫೋನು ಇಟ್ಟ ಮೇಲೆ ನನ್ನ ಎದೆಯಲ್ಲಿ ಏನು ಉರಿಯಿತೋ, ಅದಕ್ಕೆ ಯಾವ ಡಾಕ್ಟರೂ ಔಷಧ ಬರೆಯಲಾರರು. ನನ್ನ ಕಾಲು ಹೋಯಿತು, ಕೈ ಹೋಯಿತು. ನನ್ನದೆಂದು ಉಳಿದದ್ದು ಮಹಾಲ್‌ನ ಆ ಒಂದು ಗೇಣು ಜಮಖಾನೆ. ಅದನ್ನೂ ಮನೆಯವರೇ ತಿಂದು ನೀರು ಕುಡಿದರು.

ಆ ಹೊತ್ತಿಗೆ ಫಿಸಿಯೋಥೆರಪಿಯ ಹುಡುಗಿ ಮನೆಗೆ ಬರುತ್ತಿದ್ದಳು. ರಬ್ಬರ್ ಚೆಂಡು ಒತ್ತಿಸುತ್ತಿದ್ದಳು, ಕೊನೆಗೆ "ಕಾಕೂ, ಆತಾ ಟಾಳ್ಯಾ ವಾಜವಾ," ಚಪ್ಪಾಳೆ ತಟ್ಟಿ ಎನ್ನುತ್ತಿದ್ದಳು. ಎರಡು ಅಂಗೈ ಒಂದಕ್ಕೊಂದು ತಾಗುತ್ತಿದ್ದವು, ಸದ್ದು ಬರುತ್ತಿರಲಿಲ್ಲ. ಒಂದು ದಿನ ನಾನು ಹೀಗೆ ಸದ್ದಿಲ್ಲದ ಚಪ್ಪಾಳೆ ತಟ್ಟುತ್ತಿರುವಾಗ ಒಳಗಿನ ಕೋಣೆಯಿಂದ ಇವರ ಗುನುಗು ಬಂತು. ಹುಡುಗಿ ಹೋಗುವವರೆಗೆ ತಡೆದುಕೊಂಡೆ.

"ಈ ಮನ್ಯಾಗ ಯಾರೂ ಹಾಡಬ್ಯಾಡ್ರಿ," ಎಂದೆ.

ಅವರು ಗಾಬರಿಯಾಗಿ ಹೊರಗೆ ಬಂದರು. "ಯಾಕ, ಏನಾತು?"

"ಏನಾತು? ನನ್ನ ಜಾಗದಾಗ ಕುಂತು, ನನ್ನ ಹಾಡ ಕೇಳಿ, ನನ್ನ ಮುಂದನ ಗುನಗತೀರಿ!"

"ನೀನ ಕಳಿಸಿದ್ದೆಲ್ಲಾ!"

"ಜಾಗ ಹಿಡೀಲಿಕ್ಕೆ ಕಳಿಸಿದ್ದೆ! ಹಾಡ ಕೇಳಲಿಕ್ಕಲ್ಲ!"

ಅಡಿಗೆಮನೆಯಿಂದ ಅನಘಾ ಪಕ್ಕನೆ ನಕ್ಕಳು. "ಅಮ್ಮಾ, ಕಿತೀ ಜೆಲಸ್ ಆಹೇಸ್ ಗ ತೂ!" ಎಷ್ಟು ಹೊಟ್ಟೆಕಿಚ್ಚು ನಿನಗೆ ಎಂದಳು. ನಾನು ನಗಲಿಲ್ಲ. ಬಿಕ್ಕಿ ಬಿಕ್ಕಿ ಅತ್ತೆ. ಕಣ್ಣೊರೆಸಿಕೊಳ್ಳಲು ಕೈ ಪೂರ್ತಿ ಮೇಲೆ ಬರುತ್ತಿರಲಿಲ್ಲ, ಇವರೇ ಬಂದು ಜುಬ್ಬಾದ ತುದಿಯಿಂದ ಒರೆಸಿದರು. ಹಳದಿ ಜುಬ್ಬಾ. ಅದನ್ನು ನೋಡಿ ಇನ್ನಷ್ಟು ಅಳು ಬಂತು. ಅವರು ಇನ್ನು ಮುಂದೆ ಹೋಗುವುದಿಲ್ಲ ಎಂದರು. ಹೋಗದಿದ್ದರೆ ಜಾಗ ಹೋಗುತ್ತದೆ, ಹೋದರೆ ನನ್ನ ಹೊಟ್ಟೆ ಉರಿಯುತ್ತದೆ. ಅತ್ತ ದರಿ, ಇತ್ತ ಪುಲಿ. ಕೊನೆಗೆ ಹೋಗಿ ಬರ್ರಿ, ಆದರೆ ಏನೂ ಹೇಳಬ್ಯಾಡ್ರಿ ಎಂದು ತೀರ್ಮಾನವಾಯಿತು. ಆಮೇಲೆ ಅವರು ಸುಮ್ಮನೆ ಹೋಗಿ ಸುಮ್ಮನೆ ಬರುತ್ತಿದ್ದರು. ಮುಖ ಮಾತ್ರ ಎಲ್ಲವನ್ನೂ ಹೇಳುತ್ತಿತ್ತು.

ದೀಪಾವಳಿಯ ಹೊತ್ತಿಗೆ ವಾಕರ್ ಹಿಡಿದು ನಡೆಯಲು ಬಂತು. ಮಹಾಲ್ ವಾಡೆಯ ಕಡಿದಾದ ಮೆಟ್ಟಿಲು ಹತ್ತುವುದು ಇನ್ನೂ ದೂರದ ಮಾತು. ಆದರೆ ಮರಾಠಿಗರಲ್ಲಿ ದೀಪಾವಳಿಗೆ ಒಂದು ಚೆಂದದ ಪದ್ಧತಿ ಇದೆ. ನಸುಕಿನಲ್ಲಿ ಎಣ್ಣೆ ನೀರು ಮುಗಿಸಿ, ಹೊಸ ಬಟ್ಟೆ ಹಾಕಿಕೊಂಡು, ಮೈದಾನಕ್ಕೆ ಹಾಡು ಕೇಳಲು ಹೋಗುತ್ತಾರೆ. ಪಹಾಟ್ ಎನ್ನುತ್ತಾರೆ. ಲಕ್ಷ್ಮೀ ನಗರದ ಪಹಾಟ್‌ಗೆ ವಯಸ್ಸಾದ ಗಾಯಕಿಯೊಬ್ಬರು ಬರುತ್ತಾರೆಂದು ವಸುಧಾತಾಯಿ ಹೇಳಿದರು. ಮೈದಾನ, ಮೆಟ್ಟಿಲಿಲ್ಲ. ಹೋಗೋಣ ಎಂದೆ. ಎಂದ ಮೇಲೆ ಹೆದರಿಕೆಯಾಯಿತು. ಅಷ್ಟು ದೂರ ಹೋಗಿಯೂ ಹಾಡು ಒಳಗೆ ಇಳಿಯದಿದ್ದರೆ? ಕಾಲಿನ ಹಾಗೆ ಕಿವಿಯೂ ಜೋಮು ಹಿಡಿದಿದ್ದರೆ? ಈ ಹೆದರಿಕೆಯನ್ನು ಯಾರಿಗೂ ಹೇಳಲಿಲ್ಲ.

ಮುಂದೆ ಗಾದಿ ಹಾಸಿದ್ದರು, ಹಿಂದೆ ಕುರ್ಚಿ. ಗಾದಿಯ ಮೇಲೆ ಕೂರಲು ನನಗಾಗದು. ಕುರ್ಚಿಯ ಸಾಲಿನಲ್ಲಿ ವಾಕರ್ ಹಿಡಿಸದು. ಸಂಘಟಕರು ವೇದಿಕೆಯ ಪಕ್ಕ, ಪರದೆಯ ಮಗ್ಗುಲಲ್ಲಿ ಒಂದೇ ಕುರ್ಚಿ ಹಾಕಿಕೊಟ್ಟರು. ಅಲ್ಲಿಂದ ಗಾದಿಯ ಮುಂದಿನ ಸಾಲು ಕಾಣುತ್ತಿತ್ತು, ವೇದಿಕೆಯದು ಅಂಚು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ವಸುಧಾತಾಯಿ ಗಾದಿಯ ಮೊದಲ ಸಾಲಿನಲ್ಲಿ ಜಾಗ ಹಿಡಿದು ಇವರಿಗೆ ಕೈ ಮಾಡುತ್ತಿದ್ದರು.

"ನಾ ಇಲ್ಲೇ ನಿಂದರತೇನಿ," ಎಂದರು ಇವರು.

"ಬ್ಯಾಡ, ಹೋಗ್ರಿ. ನಿಮ್ಮ ಜಾಗ ಹೋದೀತು," ಎಂದೆ. ಚುಚ್ಚಲೆಂದೇ ಹೇಳಿದ್ದು. ಈ ಮನುಷ್ಯ ನನ್ನ ಮುಖವನ್ನೊಮ್ಮೆ, ಗಾದಿಯನ್ನೊಮ್ಮೆ ನೋಡಿ, ಹೊರಟೇ ಹೋದರು. ಅನಘಾ ಅವರ ಹಿಂದೆ. ಹಳದಿ ಜುಬ್ಬಾ ಮೊದಲ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿತು. ಎಷ್ಟು ಸಲೀಸಾಗಿ ಮಡಚಿದವು ಆ ಮೊಣಕಾಲು!

ಕತ್ತಲು ಇನ್ನೂ ಪೂರ್ತಿ ಹರಿದಿರಲಿಲ್ಲ. ಪರದೆಯ ಆಚೆ ತಂಬೂರಿ ಶ್ರುತಿ ಮಾಡುವ ಸದ್ದು ಬಂತು. ಒಂದು ತಂತಿ ಒಂದು ಕೂದಲೆಳೆಯಷ್ಟು ಕೆಳಗಿತ್ತು. ಯಾರೋ ಅದನ್ನು ಬಿಗಿದರು, ಬಿಟ್ಟರು, ಮತ್ತೆ ಬಿಗಿದರು. ಕೂಡಿಕೊಂಡಿತು. ಕೂಡಿಕೊಂಡದ್ದು ನನಗೆ ತಿಳಿಯಿತು! ಮೈ ಝುಂ ಎಂದಿತು. ಆಮೇಲೆ ಅದರ ಮೇಲೆ ಒಂದು ಮುದಿ ದನಿ, ಮೈಕಿಲ್ಲದೆ, ತನಗೆ ತಾನೇ ಎಂಬಂತೆ, ಒಂದು ರಾಗದ ನಾಲ್ಕಾರು ಸ್ವರ ಎತ್ತಿಕೊಂಡಿತು. ಗಂಟಲು ಬಿಸಿ ಮಾಡಿಕೊಳ್ಳುತ್ತಿದ್ದರು, ಅಷ್ಟೆ. ಮೇಲೆ ಹೋಗಬೇಕಾದಲ್ಲಿ ಹೋಗದೆ, ಅಲ್ಲೇ ಒಂಚೂರು ತಡೆದು, ಪಕ್ಕದಿಂದ ಬಂದು ಸ್ವರವನ್ನು ಮುಟ್ಟಿದರು.

"ವಾಹ್!" ಎಂದುಬಿಟ್ಟೆ. ಜೋರಾಗಿ. ಕೈ ಮೇಲೆದ್ದಿತ್ತು, ಭುಜದವರೆಗೂ.

ದನಿ ನಿಂತಿತು. ಶ್ರುತಿ ನೋಡಿಕೊಳ್ಳುವವರಿಗೆ ವಾಹ್ ಅನ್ನಬಾರದೆಂದು ಇಷ್ಟು ವರ್ಷ ಕೇಳಿದ ನನಗೆ ತಿಳಿಯದೇ? ನಾಚಿಕೆಯಿಂದ ಕುಗ್ಗಿಹೋದೆ. "ಕೌನ್ ಹೈ ಉಧರ್?" ಎಂದಿತು ದನಿ. ಶಿಷ್ಯೆಯೊಬ್ಬಳು ಪರದೆ ಸರಿಸಿದಳು. ಒಳಗೆ ಬಿಳಿ ಸೀರೆಯ ಮುದುಕಿ, ಬೆನ್ನಿಗೆ ದಿಂಬು, ಮೊಣಕಾಲಿಗೆ ಪಟ್ಟಿ. ನನ್ನನ್ನು ನೋಡಿದರು, ವಾಕರ್ ನೋಡಿದರು, ಇನ್ನೂ ಇಳಿಯದ ನನ್ನ ಕೈ ನೋಡಿದರು. ನಕ್ಕರು. ಕಣ್ಣು ಮುಚ್ಚಿ ಅದೇ ಸ್ವರಗಳನ್ನು ಇನ್ನೊಮ್ಮೆ ಹಾಡಿದರು, ಈ ಸಲ ಪೂರ್ತಿಯಾಗಿ, ನನ್ನ ಕಡೆ ತಿರುಗಿ. ನಾನು ಅತ್ತೆ. ಅಂದು ಮನೆಯಲ್ಲಿ ಅತ್ತದ್ದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಸುಖವಾಗಿತ್ತು.

ವೇದಿಕೆಯ ಮೇಲೆ ಅವರು ಹಾಡಿದ್ದು ಬೇರೆಯೇ ರಾಗ. ಅದೂ ಚೆನ್ನಾಗಿತ್ತು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನಗೆ ಕಂಡದ್ದು ಅವರ ಮೊಣಕೈ ಮತ್ತು ಮೊದಲ ಸಾಲಿನ ಹಳದಿ ಜುಬ್ಬಾ. ಜುಬ್ಬಾದವರು ಕಣ್ಣು ಮುಚ್ಚಿ ಕೂತಿದ್ದರು, ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ತಾಳ ಸ್ವಲ್ಪ ಹಿಂದೆ ಬೀಳುತ್ತಿತ್ತು. ನೋಡಿ ಬಹಳ ಸಂತೋಷವಾಯಿತು.

ಮುಗಿದ ಮೇಲೆ ಗಾಡಿಯ ಮುಂದೆ ತರ್ರಿ ಪೋಹಾ. ಅನಘಾ ನನಗೆ ತಿನ್ನಿಸುತ್ತಿದ್ದಳು. ಇವರು ತಟ್ಟೆ ಹಿಡಿದು ತಡೆಯಲಾರದೆ ನನ್ನ ಮುಖ ನೋಡಿದರು. ಹೇಳಬಾರದೆಂದು ನಮ್ಮಲ್ಲಿ ಮಾತಾಗಿತ್ತಲ್ಲ.

"ಹೇಳ್ರಿ," ಎಂದೆ.

"ಏನ್ ಹಾಡಿದ್ಳು ಆ ಅಜ್ಜಿ! ಇಂಥಾದ್ದು ನಾ ಕೇಳೇ ಇಲ್ಲ!"

"ಛಲೋ ಹಾಡಿದ್ರು. ಆದ್ರ ಮದಲ ಹಾಡಿದ್ದು ಇದಕ್ಕಿಂತಾ ಛಲೋ ಇತ್ತು."

"ಮದಲ? ಯಾವಾಗ?"

"ಮದಲ. ಪರದೇದ ಹಿಂದ. ನನ್ನ ಒಬ್ಬಾಕಿಗೆ ಹಾಡಿದ್ರು."

ಅವರ ಚಮಚ ಬಾಯಿಯ ಹತ್ತಿರವೇ ನಿಂತಿತು. "ಖರೇನ? ಯಾವ ರಾಗ?"

"ಹೇಳೂದಿಲ್ಲ."

ಆ ಹಬ್ಬದ ದಿನ ಪೂರ್ತಿ ಅವರು ಗುನುಗಲಿಲ್ಲ. ಮಧ್ಯಾಹ್ನ ವಸುಧಾತಾಯಿಗೆ ಫೋನು ಮಾಡಿ, ಪರದೆಯ ಹಿಂದೆ ಏನು ಹಾಡಿದರೆಂದು ಯಾರನ್ನಾದರೂ ಕೇಳಲು ಸಾಧ್ಯವೇ ಎಂದು ವಿಚಾರಿಸುತ್ತಿದ್ದುದು ನನಗೆ ಕೇಳಿಸಿತು. ನಾನು ಚಕ್ಕುಲಿ ತಿನ್ನುತ್ತಿದ್ದೆ, ನನ್ನ ಕೈಯಿಂದಲೇ.

ಈಗ ಕೋಲು ಹಿಡಿದು ನಡೆಯುತ್ತೇನೆ. ಪಾದದ ಜೋಮು ಪೂರ್ತಿ ಹೋಗಿಲ್ಲ, ಹೋಗದೆಯೂ ಇರಬಹುದು ಎಂದಿದ್ದಾರೆ ಡಾಕ್ಟರು. ಹೋದ ತಿಂಗಳು ಮಹಾಲ್‌ನ ಮೆಟ್ಟಿಲನ್ನು ಒಂದೊಂದಾಗಿ ಹತ್ತಿದೆ, ಹಿಂದೆ ಬೆನ್ನಿಗೆ ಕೈ ಕೊಟ್ಟು ಇವರು. ಆಜೋಬಾ ನನ್ನ ಜಾಗದಲ್ಲಿ ಬೆನ್ನಿಗೊಂದು ದಿಂಬು, ಕೆಳಗೊಂದು ಬೆತ್ತದ ಮೋಡಾ ಇಡಿಸಿದ್ದರು. ನನ್ನನ್ನು ಕೂರಿಸಿ, ಕೋಲನ್ನು ಕಂಬಕ್ಕೆ ಒರಗಿಸಿ, ಇವರು ಹಿಂದಿರುಗಿ ಹೊರಟರು. ಜಾಗ ಒಂದೇ, ಅದು ನನ್ನದು, ಅದು ಅವರಿಗೂ ಗೊತ್ತು. ಬಾಗಿಲ ಹೊರಗೆ ಮೆಟ್ಟಿಲ ಮೇಲಿನ ತುದಿಯಲ್ಲಿ, ಚಪ್ಪಲಿಗಳ ನಡುವೆ ಅವರ ಹಳದಿ ಬೆನ್ನು ಕಾಣಿಸಿತು. ಕೇಳಲು ಕತ್ತು ಇತ್ತ ಹೊರಳಿಸಿ ಕೂತಿದ್ದರು.

ಕೂತ ಭಂಗಿ ಗುರುತು ಸಿಕ್ಕಿತು. ನಾನು ತಿಂಗಳುಗಟ್ಟಲೆ ಹಾಗೇ ಕತ್ತು ಹೊರಳಿಸಿ ಮಲಗಿದ್ದೆ.

ವಸುಧಾತಾಯಿಯ ಕಡೆ ಸರಿದೆ. ಅವರು ಆಚೆಯವರ ಕಡೆ ಸರಿದರು. ಕಂಬಕ್ಕೂ ನನಗೂ ನಡುವೆ ಒಂದು ಗೇಣು ಜಾಗವಾಯಿತು. ಕೋಲಿನಿಂದ ನೆಲಕ್ಕೆ ತಟ್ಟಿದೆ. ಇವರು ತಿರುಗಿ ನೋಡಿದರು, ಬರ್ರಿ ಎಂದು ಕೈ ಮಾಡಿದ ಮೇಲೂ ನಂಬದೆ ಹಿಂದೆ ಬೇರೆ ಯಾರಾದರೂ ಇದ್ದಾರೇನೋ ಎಂದು ನೋಡಿಕೊಂಡರು. ಬಂದು, ಮೊಣಕಾಲು ಮಡಚಿ, ಕಂಬಕ್ಕೆ ಅಂಟಿ ಕೂತರು. ತಂಬೂರಿ ಶುರುವಾಗಿತ್ತು. ಕಿವಿಯ ಹತ್ತಿರ ಬಾಗಿದರು.

"ಈಗರೆ ಹೇಳು. ಯಾವ ರಾಗ ಅದು?"

"ಸುಮ್ಮ ಕೂಡ್ರಿ," ಎಂದೆ. "ಹಾಡು ಸುರು ಆತು."